ಬಾಯಿ ಬಿಡದ ಶಿಷ್ಯರು, ಬಾಯಿ ಮುಚ್ಚದ ಮೇಷ್ಟ್ರು
ಓದುಗರ ಪ್ರಶ್ನೆಗಳಿಗೆ ಉತ್ತರ – ಈ ಸಂಚಿಕೆಯಲ್ಲಿ: ಆನ್‌ಲೈನ್‌ನಲ್ಲಿ ಇಂಗ್ಲಿಷ್ ಮಾತು ಕಲಿಸುವುದು

ಪ್ರಶ್ನೆ: ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದು ನಿವೃತ್ತನಾದವನು. ಸಂಜೆ ಗೂಗಲ್ ಮೀಟ್‌ನಲ್ಲಿ ಆರು ಜನರಿಗೆ ಒಂದು ಗಂಟೆ ಸ್ಪೋಕನ್ ಇಂಗ್ಲಿಷ್ ಹೇಳಿಕೊಡುತ್ತೇನೆ. ವ್ಯಾಕರಣ ಕೇಳಿದರೆ ಥಟ್ಟನೆ ಹೇಳುತ್ತಾರೆ. ಮಾತಾಡಿ ಅಂದರೆ ಎಲ್ಲರ ಮೈಕೂ ಮ್ಯೂಟ್. ಏನು ಮಾಡಲಿ?
– ಓದುಗರು, ಶಿವಮೊಗ್ಗ

ಉತ್ತರ: ಮೇಷ್ಟ್ರೇ, ಮೊದಲು ಒಂದು ಲೆಕ್ಕ ಹಾಕೋಣ. ವಿದ್ಯಾರ್ಥಿಗಳಿಗೆ ಹೇಳಿಯೇ, ಪಕ್ಕದಲ್ಲಿ ಇನ್ನೊಂದು ಫೋನಿಟ್ಟು ಒಂದು ತರಗತಿ ರೆಕಾರ್ಡ್ ಮಾಡಿ. ಆಮೇಲೆ ಕೇಳುತ್ತಾ ನಿಮ್ಮ ದನಿ ಎಷ್ಟು ನಿಮಿಷ ಇದೆ ಎಂದು ಗುರುತು ಹಾಕಿಕೊಳ್ಳಿ. 60 ನಿಮಿಷದಲ್ಲಿ ನೀವು 40 ಮಾತಾಡಿದ್ದರೆ ಉಳಿದ 20ರಲ್ಲಿ ಒಬ್ಬೊಬ್ಬರ ಪಾಲು ಮೂರು ಚಿಲ್ಲರೆ ನಿಮಿಷ. ನೀವು ತುಟಿಪಿಟಕ್ಕೆನ್ನದೆ ಕೂತರೂ ತಲಾ ಹತ್ತೇ. ಆರೂ ಜನ ಒಂದೇ ಕೋಣೆಯಲ್ಲಿದ್ದರೆ ಹಂಚಲು ಅಷ್ಟೇ ಇರುವುದು.

ಅದಕ್ಕೇ ಜೋಡಿ ಮಾಡಬೇಕು. ಮೀಟ್‌ನ ಉಚಿತ ಖಾತೆಯಲ್ಲಿ ಬ್ರೇಕ್‌ಔಟ್ ರೂಮ್ – ಒಂದೇ ಮೀಟಿಂಗಿನೊಳಗೆ ಜನರನ್ನು ಸಣ್ಣ ಗುಂಪುಗಳಾಗಿ ಬೇರೆಬೇರೆ ಕೂರಿಸುವ ಕೋಣೆ – ಇಲ್ಲ. ಜೂಮ್‌ನ ಉಚಿತ ಖಾತೆಯಲ್ಲಿ ಇದೆ, ಆದರೆ ಮೀಟಿಂಗ್ 40 ನಿಮಿಷಕ್ಕೆ ಮುಗಿಯುತ್ತದೆ. ಇದನ್ನು ಕೊರತೆ ಅಂದುಕೊಳ್ಳಬೇಡಿ, ಮೇಷ್ಟ್ರ ಮಾತಿಗೆ ಅದೇ ಒಳ್ಳೆಯ ಕಡಿವಾಣ. ಮೊದಲ 5 ನಿಮಿಷ ಹಿಂದಿನ ಪಾಠದ ಮಾತುಗಳನ್ನು ಬಾಯಿಗೆ ತರಿಸಿ. ಮುಂದಿನ 6 ನಿಮಿಷದಲ್ಲಿ ಇಂದಿಗೆ ಬೇಕಾದ ಐದಾರು ವಾಕ್ಯಗಳನ್ನು ಚಾಟ್‌ನಲ್ಲಿ ಹಾಕಿ ಎಲ್ಲರಿಂದಲೂ ಹೇಳಿಸಿ. ಆಮೇಲೆ ರೂಮುಗಳು.

ರೂಮಿನೊಳಗೆ 4-3-2 ಎಂಬ ಹಳೆಯ ಪದ್ಧತಿ ಚೆನ್ನಾಗಿ ನಡೆಯುತ್ತದೆ. ಮೂವರು ಹೇಳುವವರು, ಮೂವರು ಕೇಳುವವರು. ಹೇಳುವವರು ಒಂದು ವಿಷಯವನ್ನು 4 ನಿಮಿಷ ಹೇಳುತ್ತಾರೆ. ಕೇಳುವವರನ್ನು ಬದಲಿಸಿ, ಅದನ್ನೇ 3 ನಿಮಿಷದಲ್ಲಿ ಹೇಳಿಸಿ. ಮತ್ತೆ ಬದಲಿಸಿ, 2 ನಿಮಿಷದಲ್ಲಿ. ಎರಡನೇ ಸಲಕ್ಕೆ ‘ಏನು ಹೇಳಲಿ’ ಎಂಬ ಚಿಂತೆ ಇರುವುದಿಲ್ಲ, ತಲೆಯೆಲ್ಲ ‘ಹೇಗೆ ಹೇಳಲಿ’ ಎಂಬುದರ ಕಡೆ ತಿರುಗುತ್ತದೆ. ತಡವರಿಕೆ ಕಡಿಮೆಯಾಗುವುದು ಅಲ್ಲಿಯೇ. ಕೇಳುವವರು ಪ್ರತಿ ಸಲ ಹೊಸಬರಾದ್ದರಿಂದ ‘ಅದನ್ನೇ ಮತ್ತೆ ಹೇಳಬೇಕಾ’ ಎಂಬ ಬೇಸರವೂ ಇಲ್ಲ. ಎರಡೂ ಗುಂಪಿನ ಸರದಿ ಮುಗಿಯಲು 18 ನಿಮಿಷ, ರೂಮು ಬದಲಿಸಲು ಒಟ್ಟು 4, ಕೊನೆಗೆ ತಿದ್ದಲು 5. ಎರಡು ನಿಮಿಷ ಕೈಯಲ್ಲಿರಲಿ, ತಡವಾಗಿ ಬರುವವರು ಇದ್ದೇ ಇರುತ್ತಾರೆ. ಈಗ ಪ್ರತಿಯೊಬ್ಬರೂ 9 ನಿಮಿಷ ಮಾತಾಡಿರುತ್ತಾರೆ. ತೀರಾ ಹೊಸಬರಿಗೆ ನಾಲ್ಕು ನಿಮಿಷ ಬೆಟ್ಟದಂತೆ ಕಾಣುತ್ತದೆ. 2, ಒಂದೂವರೆ, 1 ಎಂದು ಇಳಿಸಿ.

ಕೆಡುವುದು ಹೆಚ್ಚಾಗಿ ವಿಷಯದಲ್ಲಿ. ‘ಪರಿಸರ ಮಾಲಿನ್ಯ’ ಕೊಟ್ಟಿರೋ, ಎಸ್ಸೆಸ್ಸೆಲ್ಸಿ ಪ್ರಬಂಧ ಉರುಳಿಕೊಂಡು ಬರುತ್ತದೆ. ‘ಬುಕ್ ಮಾಡಿದ ಗ್ಯಾಸ್ ಸಿಲಿಂಡರ್ ಬಂದಿಲ್ಲ, ಏಜೆನ್ಸಿಗೆ ಫೋನ್ ಮಾಡಿ’, ‘ಬಾಡಿಗೆ ಮನೆಯ ಅಡ್ವಾನ್ಸ್ ಇಳಿಸಲು ಓನರ್ ಜೊತೆ ಚೌಕಾಸಿ ಮಾಡಿ’ ಎಂಬಂಥವು ಕೊಡಿ. ಚೌಕಾಸಿಗೆ ಒಬ್ಬರಿಗೆ ಮನೆಯ ವಿವರ, ಇನ್ನೊಬ್ಬರಿಗೆ ಕೈಯಲ್ಲಿರುವ ದುಡ್ಡಿನ ಲೆಕ್ಕ – ಬೇರೆಬೇರೆಯಾಗಿ ವಾಟ್ಸ್ಆ್ಯಪ್ ಮಾಡಿ. ಎದುರಿನವರಿಗೆ ಗೊತ್ತಿಲ್ಲದ್ದು ನನ್ನ ಹತ್ತಿರ ಇದ್ದಾಗ ಮಾತು ತಾನಾಗಿ ಹೊರಡುತ್ತದೆ.

ಇನ್ನೊಂದು: ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲಿ ಐದರವರೆಗೆ ಎಣಿಸಿ. ದನಿ ತಲುಪಲು ಹೊತ್ತು, ಕನ್ನಡದಲ್ಲಿ ಯೋಚಿಸಿ ಇಂಗ್ಲಿಷ್ ಹುಡುಕಲು ಹೊತ್ತು, ಅನ್‌ಮ್ಯೂಟ್ ಒತ್ತಲು ಹೊತ್ತು. ಅಷ್ಟರೊಳಗೆ ಮೇಷ್ಟ್ರೇ ಉತ್ತರ ಹೇಳಿಬಿಡುವುದುಂಟು.

ಪ್ರಶ್ನೆ: ತಪ್ಪನ್ನು ಆಗಲೇ ತಿದ್ದಬೇಕೋ, ಬಿಡಬೇಕೋ? ತಿದ್ದಿದರೆ ಸುಮ್ಮನಾಗುತ್ತಾರೆ, ಬಿಟ್ಟರೆ ಅದೇ ಗಟ್ಟಿಯಾಗುತ್ತದೆ.
– ಗೃಹಿಣಿ, ದಾವಣಗೆರೆ

ಉತ್ತರ: ಅರ್ಥವೇ ಕೆಟ್ಟರೆ ಆಗಲೇ ತಿದ್ದಿ. ಉಳಿದದ್ದನ್ನು ಬರೆದಿಟ್ಟುಕೊಳ್ಳಿ. ವಿದ್ಯಾರ್ಥಿ ‘ಐ ಆ್ಯಮ್ ಹ್ಯಾವಿಂಗ್ ಟೂ ಸಿಸ್ಟರ್ಸ್’ ಅಂದಾಗ ನೀವು ಮೆಲ್ಲಗೆ ‘ಓ, ಯು ಹ್ಯಾವ್ ಟೂ ಸಿಸ್ಟರ್ಸ್?’ ಎನ್ನುತ್ತೀರಿ. ಅವರು ‘ಯೆಸ್ ಮೇಡಂ’ ಎಂದು ತಲೆಯಾಡಿಸಿ ಮುಂದೆ ಹೋಗುತ್ತಾರೆ. ನೀವು ತಿದ್ದಿದ್ದು ಅವರಿಗೆ ತಿಳಿಯಲೇ ಇಲ್ಲ, ತಂಗಿಯರ ಬಗ್ಗೆ ವಿಚಾರಿಸಿದಿರಿ ಅಂದುಕೊಂಡರು. ಅದರ ಬದಲು ಕೊನೆಯ ಐದು ನಿಮಿಷದಲ್ಲಿ ಅಂದಿನ ನಾಲ್ಕು ತಪ್ಪು ವಾಕ್ಯಗಳನ್ನು ಹೆಸರಿಲ್ಲದೆ ಚಾಟ್‌ಗೆ ಹಾಕಿ, ಅವರೇ ತಿದ್ದಲಿ. ನಾಲ್ಕಕ್ಕಿಂತ ಹೆಚ್ಚು ಬೇಡ. ಚೆನ್ನಾಗಿ ಹೇಳಿದ ಒಂದು ವಾಕ್ಯವನ್ನೂ ಹಾಕಿ, ಅದಕ್ಕೆ ಹೆಸರು ಹಾಕಬಹುದು.

ತಪ್ಪಿನ ಬೇರು ಕನ್ನಡದಲ್ಲಿದ್ದರೆ ಕನ್ನಡದಲ್ಲೇ ತೋರಿಸಿ. ‘ಐ ಟೋಲ್ಡ್ ಟು ಹಿಮ್’ ಬರುವುದು ‘ಅವನಿಗೆ’ಯ ‘ಗೆ’ಯಿಂದ. ‘ಟುಡೇ ಓನ್ಲಿ ಐ ಕೇಮ್’ ಬರುವುದು ‘ಇವತ್ತೇ ಬಂದೆ’ಯ ‘ಏ’ಯಿಂದ, ಇಂಗ್ಲಿಷಿನವರು ಅಲ್ಲಿ ‘ಐ ಜಸ್ಟ್ ಕೇಮ್ ಟುಡೇ’ ಎನ್ನುತ್ತಾರೆ. ಬೆಂಗಳೂರಿನ ಆಫೀಸಿನಲ್ಲಿ ಈ ‘ಓನ್ಲಿ’ ಯಾರಿಗೂ ತೊಡಕಲ್ಲ. ವಿದೇಶದ ಗ್ರಾಹಕರ ಜೊತೆ ಮಾತಾಡುವವರಿಗಾದರೆ ಮಾತ್ರ ಅದರ ಬೆನ್ನು ಹತ್ತಿ.

ಪ್ರಶ್ನೆ: ನನ್ನ ವಿದ್ಯಾರ್ಥಿಗಳು ‘ಎಗ್’ಗೆ ‘ಯೆಗ್’, ‘ಓನ್ಲಿ’ಗೆ ‘ವೋನ್ಲಿ’ ಎನ್ನುತ್ತಾರೆ. ನೂರು ಸಲ ಹೇಳಿಸಿದರೂ ಹೋಗುತ್ತಿಲ್ಲ.
– ಬೋಧಕಿ, ಹುಬ್ಬಳ್ಳಿ

ಉತ್ತರ: ಅವರ ಕಿವಿಗೆ ಎರಡೂ ಒಂದೇ. ‘ಎಲ್ಲಿ’ ಎಂದು ಬರೆದು ‘ಯೆಲ್ಲಿ’ ಎನ್ನುವ, ‘ಒಂದು’ ಎಂದು ಬರೆದು ‘ವೊಂದು’ ಎನ್ನುವ ಬಾಯಿ ನಮ್ಮದು. ಆದ್ದರಿಂದ ಪದವನ್ನು ಒಂಟಿಯಾಗಿ ಹೇಳಿಸಬೇಡಿ. ‘ಆ್ಯನ್ ಎಗ್’ ಎಂಬುದನ್ನು ‘ಅ-ನೆಗ್’ ಎಂದು ಕೂಡಿಸಿ ಹೇಳಿಸಿ. ‘ನ’ ಅಂಟಿಕೊಂಡಾಗ ‘ಯ’ ನುಸುಳಲು ಜಾಗವಿಲ್ಲ. ಹತ್ತು ಸಲ ಆದ ಮೇಲೆ ‘ಅನ್’ ಅನ್ನು ಪಿಸುಗುಟ್ಟಿಸಿ, ಆಮೇಲೆ ಅದನ್ನು ಮನಸ್ಸಿನಲ್ಲೇ ಹೇಳಿಕೊಂಡು ‘ಎಗ್’ ಎಂದಷ್ಟೇ ಹೊರಗೆ ಹೇಳಲಿ. ‘ಓನ್ಲಿ’ಗೆ ‘ಇಟ್ಸ್ ಓನ್ಲಿ’ ಹೀಗೆಯೇ ಕೆಲಸ ಮಾಡುತ್ತದೆ.

‘ವೆಟ್’ ಎಂಬ ಒಂದೇ ಬರಹದೊಳಗೆ ಇಂಗ್ಲಿಷಿನ ಎರಡು ಪದಗಳಿವೆ: ದನದ ಡಾಕ್ಟರು, ಒದ್ದೆ. ಡಾಕ್ಟರಿಗೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು. ಒದ್ದೆಗೆ ಹಲ್ಲು ತಾಗಲೇಬಾರದು, ಶಿಳ್ಳೆ ಹಾಕುವಂತೆ ತುಟಿ ದುಂಡಗಾಗಬೇಕು. ಇದು ಕಣ್ಣಿನಿಂದ ಕಲಿಯುವ ಪಾಠ. ಕಿಟಕಿ ನಿಮ್ಮ ಬೆನ್ನಿಗಿದ್ದರೆ ಮುಖ ಕಪ್ಪಾಗಿ ತುಟಿಯೇ ಕಾಣುವುದಿಲ್ಲ. ಬೆಳಕು ಎದುರಿಗಿರಲಿ, ಕ್ಯಾಮೆರಾ ಮುಖದ ಮಟ್ಟಕ್ಕಿರಲಿ. ಗದ್ದಲ ಅಡಗಿಸುವ ಸೌಲಭ್ಯ ಕೆಲವೊಮ್ಮೆ ‘ಸ’, ‘ಫ’ಗಳನ್ನೂ ಗದ್ದಲವೆಂದು ನುಂಗುತ್ತದೆ. ಉಚ್ಚಾರಣೆಯ ಪಾಠಕ್ಕೆ ಜೂಮ್‌ನಲ್ಲಿ ಒರಿಜಿನಲ್ ಸೌಂಡ್ ಹಾಕಿಕೊಳ್ಳಿ, ಇಯರ್‌ಫೋನ್ ಇರಲಿ, ಫ್ಯಾನ್ ಆರಿಸಿ.

ಪ್ರಶ್ನೆ: ಹೊರದೇಶದವರಿಗೆ ಕಲಿಸಲು ಸರ್ಟಿಫಿಕೇಟ್ ಬೇಕೇ?
– ಓದುಗರು, ಮೈಸೂರು

ಉತ್ತರ: ನಿಮ್ಮದೇ ಪರಿಚಯದವರಿಗೆ ಬೇಕಿಲ್ಲ. ಸಂಸ್ಥೆಗಳ ಮೂಲಕವಾದರೆ ಹಲವರು 120 ಗಂಟೆಯ ಟೆಫಲ್ ಕೋರ್ಸ್ (ಇಂಗ್ಲಿಷ್ ಮನೆಮಾತಲ್ಲದವರಿಗೆ ಅದನ್ನು ಕಲಿಸುವ ತರಬೇತಿ) ಕೇಳುತ್ತಾರೆ. ಕೇಂಬ್ರಿಜ್‌ನ ಸೆಲ್ಟಾ ಎಂಬ ಇಂಗ್ಲಿಷ್ ಬೋಧನೆಯ ಸರ್ಟಿಫಿಕೇಟ್ ದುಬಾರಿ, ಆದರೆ ಅದರಲ್ಲಿ ನಿಜವಾದ ವಿದ್ಯಾರ್ಥಿಗಳಿಗೆ ಪಾಠ ಮಾಡಿಸಿ ನೋಡುತ್ತಾರೆ. ಬರೀ ವಿಡಿಯೋ ತೋರಿಸಿ ಕೊಡುವ ಅಗ್ಗದ ಕೋರ್ಸುಗಳಲ್ಲಿ ಅದಿಲ್ಲ, ದುಡ್ಡು ಕಟ್ಟುವ ಮೊದಲು ಕೇಳಿಕೊಳ್ಳಿ. ಫೀಸನ್ನು ನಾಲ್ಕು ತರಗತಿಗೊಮ್ಮೆ ಮುಂಗಡವಾಗಿ ಪಡೆಯಿರಿ. ಎಷ್ಟು ಗಂಟೆ ಮುಂಚೆ ಹೇಳಿದರೆ ತರಗತಿ ಮುಂದೂಡಬಹುದು ಎಂಬುದನ್ನು ಮೊದಲ ದಿನವೇ ಬರೆದು ಕಳಿಸಿ. ಸಮಯವನ್ನು ಅವರ ಊರಿನ ಗಡಿಯಾರದಲ್ಲೂ ಬರೆಯಿರಿ. ಯುರೋಪ್, ಅಮೆರಿಕಗಳ ಬಹುಪಾಲು ಕಡೆ ವರ್ಷಕ್ಕೆ ಎರಡು ಸಲ ಗಡಿಯಾರ ಒಂದು ಗಂಟೆ ಹಿಂದುಮುಂದಾಗುತ್ತದೆ, ನಮ್ಮದು ಕದಲುವುದಿಲ್ಲ. ಆ ವಾರ ಒಬ್ಬರಿಗೊಬ್ಬರು ಕಾದು ಕೂರುವುದು ಬೇಡ.