ಹಳೆಯ ಪೊಟ್ಟಣದ ಬಣ್ಣ ಮುಟ್ಟುವ ಮೊದಲು

ಈ ಸಲ ಬಂದಿರುವ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ಧಾಟಿಯವು. ‘ಬ್ರ್ಯಾಂಡ್ ಬೆಳೆಯಬೇಕಾದರೆ ರಿಸ್ಕ್ ತೆಗೆದುಕೊಳ್ಳಬೇಕಂತೆ, ಎಲ್ಲವನ್ನೂ ಬದಲಿಸಿಬಿಡಲೇ?’ ಹಾಗೆಂದು ಹುರಿದುಂಬಿಸಿದವರು ಯಾರೂ ನಾಳೆ ನಿಮ್ಮ ಸಾಲ ತೀರಿಸಲು ಬರುವುದಿಲ್ಲ. ಅದಕ್ಕೇ ಇಂಥದ್ದೊಂದು ಪ್ರಶ್ನೆಗೆ ವಿವರವಾಗಿ ಉತ್ತರಿಸುತ್ತೇನೆ, ಉಳಿದವಕ್ಕೆ ಚುಟುಕಾಗಿ.

ಪ್ರಶ್ನೆ: ಕೈಯಿಂದ ತಯಾರಿಸಿದ ಸೋಪು ಮಾರುತ್ತೇವೆ. ನಾಲ್ಕು ವರ್ಷದಿಂದ ಅದೇ ಹಸಿರು ಪೊಟ್ಟಣ. ಈಗ ಡಿಸೈನರ್ ಒಬ್ಬರು ಪೂರ್ತಿ ಕಪ್ಪು ಪೊಟ್ಟಣ, ಹೊಸ ಲೋಗೋ ಮಾಡಿಕೊಟ್ಟಿದ್ದಾರೆ. ಸ್ನೇಹಿತರೆಲ್ಲ ಮೆಚ್ಚಿದ್ದಾರೆ. ಒಂದೇ ಏಟಿಗೆ ಬದಲಿಸಬಹುದೇ?

ಬೇಡ. ಕಪ್ಪು ಪೊಟ್ಟಣದ ಬಗ್ಗೆ ನನ್ನ ತಕರಾರಿಲ್ಲ, ಒಂದೇ ಏಟಿಗೆ ಬದಲಿಸುವುದರ ಬಗ್ಗೆ ಇದೆ. 2009ರ ಆರಂಭದಲ್ಲಿ ಅಮೆರಿಕದಲ್ಲಿ ಟ್ರಾಪಿಕಾನಾ ಕಿತ್ತಳೆ ರಸದ ಪೊಟ್ಟಣದ ಮೇಲಿದ್ದ, ಸ್ಟ್ರಾ ಚುಚ್ಚಿದ ಹಣ್ಣಿನ ಚಿತ್ರವನ್ನು ತೆಗೆದು ರಸ ತುಂಬಿದ ಲೋಟದ ಚಿತ್ರ ಹಾಕಿದರು. ಒಳಗಿನ ರಸ ಅದೇ. ಆದರೆ ಅಂಗಡಿಯ ಸಾಲಿನಲ್ಲಿ ಅದನ್ನು ಹುಡುಕುವುದೇ ಗಿರಾಕಿಗಳಿಗೆ ಕಷ್ಟವಾಯಿತು. ಎರಡು ತಿಂಗಳೊಳಗೆ ಮಾರಾಟ ಸುಮಾರು ಶೇ 20ರಷ್ಟು ಬಿತ್ತು, ಹಳೆಯ ಪೊಟ್ಟಣ ವಾಪಸ್ ಬಂತು. ಅಷ್ಟು ದೊಡ್ಡ ಕಂಪನಿ ಆ ಪೆಟ್ಟು ತಡೆದುಕೊಂಡಿತು. ನೀವು ತಡೆದುಕೊಳ್ಳಲಾರಿರಿ.

ಸ್ನೇಹಿತರ ಮೆಚ್ಚುಗೆಯನ್ನು ಲೆಕ್ಕದಿಂದ ತೆಗೆದುಹಾಕಿ. ‘ಚೆನ್ನಾಗಿದೆಯಾ?’ ಎಂದು ಕೇಳಿದರೆ ಚೆನ್ನಾಗಿದೆ ಎಂದೇ ಹೇಳುತ್ತಾರೆ. 1985ರಲ್ಲಿ ಹಳೆಯ ರುಚಿ ನಿಲ್ಲಿಸಿ ಹೊಸದನ್ನು ತರುವ ಮೊದಲು ಕೋಕಾ ಕೋಲಾ ಅದನ್ನು ಸುಮಾರು 2 ಲಕ್ಷ ಜನರಿಗೆ ಕುಡಿಸಿ ನೋಡಿತ್ತು, ಫಲಿತಾಂಶವೂ ಹೊಸದರ ಪರವಾಗಿತ್ತು. ಹಳೆಯದು ಇಲ್ಲವಾದರೆ ಜನರಿಗೆ ಏನನ್ನಿಸುತ್ತದೆ ಎಂಬುದು ಮಾತ್ರ ಆ ಪರೀಕ್ಷೆಯಲ್ಲಿ ಹೊರಬೀಳಲೇ ಇಲ್ಲ. ಹೊಸದು ಬಂದ 79 ದಿನಕ್ಕೆ ಹಳೆಯ ರುಚಿ ಮತ್ತೆ ಬಂತು.

ಮೊದಲು ಮಾಡಬೇಕಾದ್ದು, ನಿಮ್ಮ ಗುರುತು ಎಲ್ಲಿದೆ ಎಂದು ಪತ್ತೆ ಹಚ್ಚುವುದು. ಕಾಯಂ ಗಿರಾಕಿಗಳಲ್ಲಿ ಹದಿನೈದಿಪ್ಪತ್ತು ಜನರಿಗೆ ಬಿಳಿ ಹಾಳೆ, ಬಣ್ಣದ ಪೆನ್ನು ಕೊಟ್ಟು ನಿಮ್ಮ ಪೊಟ್ಟಣವನ್ನು ನೆನಪಿನಿಂದ ಬಿಡಿಸಲು ಹೇಳಿ. ಹೆಚ್ಚಿನವರು ಹಸಿರು ಬಳಿದರೆ ಹಸಿರು ಉಳಿಯಬೇಕು. ಯಾರೂ ಲೋಗೋ ಬಿಡಿಸದಿದ್ದರೆ ಆ ಲೋಗೋವನ್ನು ಧಾರಾಳವಾಗಿ ಬದಲಿಸಿ. ಹೀಗೆ ನೋಡಿದರೆ, ಕಪ್ಪು ಪೊಟ್ಟಣಕ್ಕೆ ಅಗಲವಾದ ಹಸಿರು ಪಟ್ಟಿ ಬೇಕೇಬೇಕು ಎಂಬ ತೀರ್ಮಾನಕ್ಕೆ ನೀವು ಬರುವ ಸಾಧ್ಯತೆಯೇ ಹೆಚ್ಚು.

ಆಮೇಲೆ ಹೊಸ ವಿನ್ಯಾಸವನ್ನು ನಿಜವಾದ ಅಳತೆಯಲ್ಲಿ ಮುದ್ರಿಸಿ, ಪೊಟ್ಟಣಕ್ಕೆ ಅಂಟಿಸಿ, ಎಂಟು ಹತ್ತು ಬೇರೆ ಸೋಪುಗಳ ನಡುವೆ ಇಟ್ಟು ಎರಡು ಮೀಟರ್ ದೂರದಿಂದ ನೋಡಿ. ಹೆಸರು ಓದಲು ಬರುತ್ತದೆಯೇ? ಅದೇ ಸಾಲಿನ ಫೋಟೋ ತೆಗೆದು ಹೆಬ್ಬೆರಳಿನ ಉಗುರಿನಷ್ಟಕ್ಕೆ ಕುಗ್ಗಿಸಿ. ಆನ್‌ಲೈನ್‌ನಲ್ಲಿ ಕೊಳ್ಳುವವರಿಗೆ ಕಾಣುವುದು ಅಷ್ಟೇ.

ಕಪ್ಪಿಗೆ ಅದರದೇ ಕಾಟಗಳಿವೆ, ಡಿಸೈನರ್ ಇದನ್ನು ಹೇಳಿರಲಿಕ್ಕಿಲ್ಲ. ಮ್ಯಾಟ್ ಲ್ಯಾಮಿನೇಷನ್ (ಹೊಳಪಿಲ್ಲದ ತೆಳು ಪ್ಲಾಸ್ಟಿಕ್ ಪದರ) ಮಾಡಿದ ಕಪ್ಪಿನ ಮೇಲೆ ಬೆರಳಚ್ಚು, ಸಾಗಣೆಯ ಗೀರು ಎಲ್ಲವೂ ಎದ್ದು ಕಾಣುತ್ತವೆ. ಬಣ್ಣದ ಅಚ್ಚಿನ ನಾಲ್ಕೂ ಶಾಯಿ ಬೆರೆಸಿದ ಕಪ್ಪಿನ ನಡುವೆ 6 ಪಾಯಿಂಟ್‌ಗಿಂತ ಸಣ್ಣ ಬಿಳಿ ಅಕ್ಷರ ಬಿಟ್ಟರೆ, ಒಂದು ಬಣ್ಣ ಕೂದಲೆಳೆಯಷ್ಟು ಸರಿದರೂ ಅಕ್ಷರದ ಹೊಟ್ಟೆ ತುಂಬಿಹೋಗುತ್ತದೆ. ಬಳಸಿದ ಪದಾರ್ಥಗಳ ಪಟ್ಟಿ ಹಾಳಾಗುವುದು ಹೀಗೆಯೇ. ಬಾರ್‌ಕೋಡನ್ನು ಕಪ್ಪಿನ ಮೇಲೆ ಬಿಳಿ ಗೆರೆಯಾಗಿ ತಿರುಗಿಸಿ ಹಾಕಬೇಡಿ, ಹಲವು ಸ್ಕ್ಯಾನರ್‌ಗಳು ಓದುವುದಿಲ್ಲ. ಬಿಳಿ ಚೌಕ ಬಿಟ್ಟು ಅದರ ಮೇಲೆ ಕಪ್ಪು ಗೆರೆಗಳೇ ಇರಲಿ. 13 ಅಂಕಿಯ ಬಾರ್‌ಕೋಡಿನ ಮೂಲ ಅಳತೆ 37.29 ಮಿಲಿಮೀಟರ್ ಅಗಲ, 25.93 ಮಿಲಿಮೀಟರ್ ಎತ್ತರ. ಶೇ 80ಕ್ಕಿಂತ ಕೆಳಗೆ ಕುಗ್ಗಿಸಬಾರದು, ಎರಡೂ ಬದಿಯ ಖಾಲಿ ಜಾಗವನ್ನು ಕತ್ತರಿಸಲೂಬಾರದು. ಪರದೆಯಲ್ಲಿ ಹೊಳೆಯುವ ಹಸಿರು ಅಚ್ಚಿನಲ್ಲಿ ಮಂಕಾಗುತ್ತದೆ. ಅದಕ್ಕೇ ಪ್ರೂಫನ್ನು (ಅಚ್ಚಿನ ಮಾದರಿ ಪ್ರತಿಯನ್ನು) ಅದೇ ಕಾಗದದ ಮೇಲೆ, ಅದೇ ಲ್ಯಾಮಿನೇಷನ್ ಹಾಕಿಸಿ ನೋಡದೆ ಸಹಿ ಮಾಡಬೇಡಿ.

ಇಷ್ಟಾದರೂ ಪೂರ್ತಿ ಸ್ಟಾಕ್ ಅಚ್ಚು ಹಾಕಿಸಬೇಡಿ. ಒಂದೇ ಒಂದು ಪರಿಮಳದ ಸೋಪನ್ನು ಆರಿಸಿ, ಡಿಜಿಟಲ್ ಮುದ್ರಣದಲ್ಲಿ ಕೆಲವು ನೂರು ಪೊಟ್ಟಣ ಮಾಡಿಸಿ. ಒಂದೊಂದಕ್ಕೆ ಬೆಲೆ ಹೆಚ್ಚು ಬೀಳುತ್ತದೆ, ಬೀಳಲಿ. ಗೋದಾಮಿನಲ್ಲಿ ಕೊಳೆಯುವ ಹತ್ತು ಸಾವಿರ ಪೊಟ್ಟಣಕ್ಕಿಂತ ಅದು ಅಗ್ಗ. ಮಾರುವ ಜಾಗಗಳಲ್ಲಿ ಅರ್ಧಕ್ಕೆ ಹೊಸದು, ಅರ್ಧಕ್ಕೆ ಹಳೆಯದು ಕೊಡಿ, ಮಧ್ಯದಲ್ಲಿ ಅದಲುಬದಲು ಮಾಡಿ. ಈ ಅವಧಿಯಲ್ಲಿ ದರ, ಜಾಹೀರಾತು, ಸೋಪಿನ ತೂಕ ಯಾವುದನ್ನೂ ಮುಟ್ಟಬಾರದು. ಮುಟ್ಟಿದರೆ ಮಾರಾಟ ಏರಿದ್ದೋ ಇಳಿದದ್ದೋ ಯಾವುದರಿಂದ ಎಂದು ದೇವರಿಗೂ ತಿಳಿಯದು. ಮೊದಲ ವಾರದ ಏರಿಕೆಯನ್ನು ನಂಬಬೇಡಿ, ಅದು ಬರೀ ಕುತೂಹಲ. ಒಂದು ಸೋಪು ಐದು ವಾರ ಬರುವುದಾದರೆ ಕನಿಷ್ಠ ಹತ್ತು ವಾರ ಕಾಯಿರಿ, ಮತ್ತೆ ಬಂದು ಕೊಂಡವರೆಷ್ಟು ಎಂಬುದನ್ನಷ್ಟೇ ಎಣಿಸಿ.

ಎಷ್ಟು ಕುಸಿದರೆ ನಿಲ್ಲಿಸುತ್ತೀರಿ ಎಂಬುದನ್ನು ಶುರು ಮಾಡುವ ಮೊದಲೇ ಕಾಗದದಲ್ಲಿ ಬರೆದಿಡಿ. ಇಳಿಯುತ್ತಿರುವಾಗ ಯಾರಿಗೂ ಮನಸ್ಸು ಗಟ್ಟಿಯಿರುವುದಿಲ್ಲ. ಪ್ರಯೋಗಕ್ಕೆ ಹಾಕಿದ ಹಣ ಪೂರ್ತಿ ಮುಳುಗಿದರೂ ಮೂರು ತಿಂಗಳ ಬಾಡಿಗೆ, ಸಂಬಳ, ಕಚ್ಚಾ ಸಾಮಗ್ರಿಗೆ ಕೈ ಹಾಕುವಂತಾಗಬಾರದು. ಹಳೆಯ ವಿನ್ಯಾಸದ ಫೈಲು, ಅಚ್ಚಿನ ಪ್ಲೇಟು ಬಿಸಾಡಬೇಡಿ. ನಾನು ಅತಿ ಎಚ್ಚರಿಕೆ ಹೇಳುತ್ತಿದ್ದೇನೆ ಅನ್ನಿಸಿದರೆ ಅನ್ನಿಸಲಿ.

ಹಾಗಾದರೆ ಸೃಜನಶೀಲತೆಗೆ ಜಾಗವೆಲ್ಲಿ? ಹಿಂದಕ್ಕೆ ತೆಗೆದುಕೊಳ್ಳಬಹುದಾದ ಕಡೆಯಲ್ಲೆಲ್ಲ. ಪರಿಮಳಗಳ ಹೆಸರು, ಪೊಟ್ಟಣದ ಬೆನ್ನಿನ ಬರಹ, ಒಳಗಿಡುವ ಚೀಟಿ, ಒಂದೇ ಕಂತಿಗೆ ಮುಗಿಯುವ ವಿಶೇಷ ಸೋಪು. ಅಲ್ಲಿ ಹುಚ್ಚು ಸಾಹಸವನ್ನೇ ಮಾಡಿ. ತಪ್ಪಿದರೆ ಮುಂದಿನ ಕಂತಿನಲ್ಲಿ ಸರಿಹೋಗುತ್ತದೆ, ಗೆದ್ದದ್ದನ್ನು ಕಾಯಂ ಮಾಡಬಹುದು.

ಪ್ರಶ್ನೆ: ನೀಲಿ ನಂಬಿಕೆ ಮೂಡಿಸುತ್ತದೆ, ಕೆಂಪು ಹಸಿವು ಹುಟ್ಟಿಸುತ್ತದೆ ಎಂಬ ಪಟ್ಟಿ ನೋಡಿ ಬಣ್ಣ ಆರಿಸಬಹುದೇ?

ಆ ಪಟ್ಟಿ ಹರಿದು ಹಾಕಿ. ನಿಮ್ಮ ಸಾಲಿನಲ್ಲಿ ಎಲ್ಲರೂ ನೀಲಿಯಾಗಿದ್ದರೆ ನೀಲಿ ನಿಮ್ಮನ್ನು ಮುಚ್ಚಿಹಾಕುತ್ತದೆ. ಗುಂಪಿನಲ್ಲಿ ಬೇರೆಯಾಗಿರುವುದು ನೆನಪಿನಲ್ಲಿ ಉಳಿಯುತ್ತದೆ ಎಂದು ಜರ್ಮನಿಯ ಮನೋವಿಜ್ಞಾನಿ ಹೆಡ್‌ವಿಗ್ ಫಾನ್ ರೆಸ್ಟಾರ್ಫ್ 1933ರಲ್ಲೇ ತೋರಿಸಿದ್ದಾರೆ. ಬೇರೆಯಾದ ಬಣ್ಣ ಆರಿಸಿ, ವರ್ಷಗಟ್ಟಲೆ ಬಿಡದೆ ಬಳಸಿ.

ಪ್ರಶ್ನೆ: ಸಂಖ್ಯಾಶಾಸ್ತ್ರಜ್ಞರು ಬ್ರ್ಯಾಂಡ್ ಹೆಸರಿಗೆ ಇನ್ನೆರಡು ಅಕ್ಷರ ಸೇರಿಸಲು ಹೇಳಿದ್ದಾರೆ.

ಸೇರಿಸಿದರೆ ಕೇಳಿ ತಿಳಿದ ಗಿರಾಕಿ ಸರಿಯಾಗಿ ಟೈಪ್ ಮಾಡಲಾರದೆ ಬೇರೆಯವರ ಬಾಗಿಲಿಗೆ ಹೋಗುತ್ತಾನೆ. ಸಂಖ್ಯಾಶಾಸ್ತ್ರಜ್ಞರಿಗೆ ಕೊಡುವ ದಕ್ಷಿಣೆಯಲ್ಲಿ ಪ್ರೂಫ್ ಹಾಕಿಸಿಕೊಳ್ಳಿ.

ಪ್ರಶ್ನೆ: ಫಾಲೋವರ್‌ಗಳನ್ನು ಹಣ ಕೊಟ್ಟು ಕೊಳ್ಳಬಹುದೇ?

ಅವರು ಸೋಪು ಕೊಳ್ಳುವುದಿಲ್ಲ.

ಪ್ರಶ್ನೆ: ಕಂಪನಿ ನೋಂದಣಿ ಆಗಿದೆ. ಹೆಸರು ನಮ್ಮದಾಯಿತಲ್ಲವೇ?

ಆಗಲಿಲ್ಲ. ಟ್ರೇಡ್‌ಮಾರ್ಕ್ ಬೇರೆಯೇ ಅರ್ಜಿ, ಅದೂ ಸರಕಿನ ವರ್ಗಕ್ಕೆ ಅನುಗುಣವಾಗಿ. ಅಂತರರಾಷ್ಟ್ರೀಯ ನೀಸ್ ವರ್ಗೀಕರಣದಲ್ಲಿ 45 ವರ್ಗಗಳಿವೆ. ಸೋಪು 3ನೆಯದರಲ್ಲಿ, ಮೇಣದಬತ್ತಿ 4ನೆಯದರಲ್ಲಿ ಬರುತ್ತವೆ. ‘ಶುದ್ಧ ಸೋಪು’ ಎಂಬಂಥ ಬರೀ ವರ್ಣನೆಯ ಹೆಸರಿಗೆ ರಕ್ಷಣೆ ಸಿಗುವುದು ಬಲು ಕಷ್ಟ. ಅಚ್ಚಿಗೆ ಕಳಿಸುವ ಮೊದಲೇ ನಿಮ್ಮ ವರ್ಗದಲ್ಲಿ ಅದೇ ಹೆಸರು, ಅದೇ ಉಚ್ಚಾರಣೆಯ ಹೆಸರು ಇದೆಯೇ ಎಂದು ಹುಡುಕಿಸಿ.