ಸಿ ಭಾಷೆಯಲ್ಲಿ ಕನ್ನಡ ಅಕ್ಷರದ ಪರೀಕ್ಷೆ

ಪ್ರಶ್ನೆ: ಕೊಟ್ಟದ್ದು ಅಕ್ಷರವೇ ಎಂದು ನೋಡುವ ಇಸ್‌-ಡಬ್ಲ್ಯೂ-ಆಲ್ಫಾ ಫಂಕ್ಷನ್‌ಗೆ ‘ಕ’ ಕೊಟ್ಟರೆ ಸೊನ್ನೆ ಬರುತ್ತಿದೆ. ‘ಕ’ ಅಕ್ಷರವಲ್ಲವೇ?

ಉತ್ತರ: ಖಂಡಿತ ಅಕ್ಷರವೇ. ಈ ಫಂಕ್ಷನ್ ಲೊಕೇಲ್ (ಭಾಷೆ, ಲಿಪಿಯ ಸೆಟ್ಟಿಂಗ್) ನೋಡಿಕೊಂಡು ಉತ್ತರ ಹೇಳುತ್ತದೆ. ಪ್ರೋಗ್ರಾಮ್ ಶುರುವಾಗುವಾಗ ಇರುವುದು ‘ಸಿ’ ಲೊಕೇಲ್. ಲಿನಕ್ಸ್‌ನ ಜಿಲಿಬ್‌ಸಿ ಎಂಬ ಸಿ ಲೈಬ್ರರಿಯಲ್ಲಿ ಅದಕ್ಕೆ ಗೊತ್ತಿರುವುದು ಇಂಗ್ಲಿಷ್ ಅಕ್ಷರಗಳಷ್ಟೇ. ಮೇನ್‌ನ ಮೊದಲ ಸಾಲಿನಲ್ಲೇ ಸೆಟ್‌ಲೊಕೇಲ್ ಕರೆದು, ಎರಡನೇ ಆರ್ಗ್ಯುಮೆಂಟ್ ಆಗಿ ಖಾಲಿ ಸ್ಟ್ರಿಂಗ್ ಕೊಡಿ. ಸಿಸ್ಟಮ್ ಲೊಕೇಲ್ ಯುಟಿಎಫ್-8 (ಯೂನಿಕೋಡ್ ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಕ್ರಮ) ಆಗಿರಲೇಬೇಕು.

ಫಲಿತಾಂಶವನ್ನು 1ಕ್ಕೆ ಹೋಲಿಸಬೇಡಿ. ‘ಹೌದು’ ಎಂದರೆ ಸೊನ್ನೆಯಲ್ಲದ ಯಾವ ಸಂಖ್ಯೆಯೂ ಬರಬಹುದು.

ನಿಜವಾದ ತೊಡಕು ಮುಂದಿದೆ. ‘ಅಕ್ಕ’ ಪದದಲ್ಲಿ ನಾಲ್ಕು ಸಂಕೇತಗಳಿವೆ: ಅ, ಕ, ವಿರಾಮ (ಸ್ವರ ತೆಗೆದು ಒತ್ತಕ್ಷರ ಮಾಡುವ ‘್’ ಚಿಹ್ನೆ), ಮತ್ತೆ ಕ. ಯೂನಿಕೋಡ್ ಪ್ರಕಾರ ‘ಾ’ದಂಥ ಸ್ವರಚಿಹ್ನೆ ಅಕ್ಷರದ ಲೆಕ್ಕಕ್ಕೆ ಬರುತ್ತದೆ, ವಿರಾಮ (ಯೂನಿಕೋಡ್ ಸಂಖ್ಯೆ 3277) ಬರುವುದಿಲ್ಲ. ಹಾಗಾಗಿ ಈ ಫಂಕ್ಷನ್ ಒಂದನ್ನೇ ನಂಬಿ ಪದ ಬಿಡಿಸಿದರೆ ಒತ್ತಕ್ಷರ ಬಂದಲ್ಲೆಲ್ಲ ಪದ ತುಂಡಾಗುತ್ತದೆ. 3277 ಜೊತೆಗೆ ಅಕ್ಷರ ಬಿಡಿಸುವ, ಕೂಡಿಸುವ, ಕಣ್ಣಿಗೆ ಕಾಣದ ಚಿಹ್ನೆಗಳಾದ 8204, 8205 ಬಂದಾಗಲೂ ಹಿಂದಿನ ಅಕ್ಷರಕ್ಕೇ ಸೇರಿಸಿಕೊಳ್ಳಿ. ಕನ್ನಡಕ್ಕೆ ಇದು ಬೇಕೇ ಬೇಕು.

ಹಳೆಯ ಇಸ್‌ಆಲ್ಫಾ ಇಲ್ಲಿ ಕೆಲಸಕ್ಕೆ ಬಾರದು. ಯುಟಿಎಫ್-8ರಲ್ಲಿ ‘ಕ’ ಎಂದರೆ 224, 178, 149 ಎಂಬ ಮೂರು ಬೈಟ್. ಆ ಫಂಕ್ಷನ್ ನೋಡುವುದು ಒಂದೊಂದೇ ಬೈಟ್.