ಕಿಡ್ನಿ ಕಲ್ಲಿನ ನೋವಿಗೆ ‘ಸ್ಟ್ರಾಂಗ್’ ಇಂಜೆಕ್ಷನ್ ಕೇಳಬೇಕಾ?

ಬರೀ ಡೈಕ್ಲೋಫೆನಾಕ್ (ಮಾಮೂಲಿ ನೋವಿನ ಮದ್ದು) ಚುಚ್ಚಿ ಕಳಿಸ್ತಾರೆ, ಟ್ರಮಡಾಲ್ (ಮಾರ್ಫಿನ್ ಜಾತಿಯ ನೋವಿನ ಮದ್ದು) ಕೇಳಿದರೆ ಹೇಗೆ ಅಂತಿದ್ದೀರಿ. ನಾನು ಕೇಳಿದವನೇ. ಶಿರಸಿಯ ಆಸ್ಪತ್ರೆಯಲ್ಲಿ, ರಾತ್ರಿ ಎರಡು ಗಂಟೆಗೆ.

ಸಂಜೆ ಮೆಟ್ಟುಗತ್ತಿ ಮುಂದೆ ಅಡಿಕೆ ಸುಲಿಯುತ್ತಾ ಕೂತಿದ್ದೆ. ಎಡ ಪಕ್ಕೆಯಿಂದ ತೊಡೆಸಂದಿವರೆಗೆ ಬಟ್ಟೆ ಹಿಂಡಿದ ಹಾಗೆ ನೋವು. ಕೂತರೂ ಆಗದು, ಮಲಗಿದರೂ ಆಗದು. ಅಮ್ಮ ಬಾಳೆದಿಂಡಿನ ರಸ ಕುಡಿಸಿದಳು, ಮೇಲಿಂದ ಎರಡು ಚೊಂಬು ನೀರು. (ನೋವಿನ ಹೊತ್ತಲ್ಲಿ ನೀರು ಹೊಯ್ದರೆ ಕಲ್ಲು ಬೇಗ ಬೀಳುವುದಿಲ್ಲ, ಸುಮ್ನೆ ವಾಂತಿ.) ಮನೆಯಲ್ಲಿದ್ದ ಡೈಕ್ಲೋ ಮಾತ್ರೆ ನುಂಗಿದೆ. ಹತ್ತೇ ನಿಮಿಷಕ್ಕೆ ಎಲ್ಲ ಹೊರಗೆ. ಅಂಗಳದಲ್ಲಿ ಟಾರ್ಚ್ ಬಿಟ್ಟರೆ ಮಾತ್ರೆ ಇಡಿಯಾಗಿ ಬಿದ್ದಿತ್ತು.

ನಾನು ಎಡವಿದ್ದು ಇದರಲ್ಲೇ. ಡ್ಯೂಟಿ ಡಾಕ್ಟರು ಏನಾದ್ರೂ ತಗೊಂಡ್ರಾ ಅಂದರು. ‘ಡೈಕ್ಲೋ ತಗೊಂಡೆ, ಜಗ್ಗಲಿಲ್ಲ, ಸ್ಟ್ರಾಂಗ್ ಕೊಡಿ’ ಅಂದೆ. ವಾಂತಿಯಾದದ್ದು ಹೇಳಿದೆ. ಮಾತ್ರೆ ಹೊರಗೆ ಬಿದ್ದದ್ದು ಹೇಳಲಿಲ್ಲ. ಮುಚ್ಚಿಟ್ಟದ್ದಲ್ಲ, ಅದೊಂದು ಹೇಳುವ ವಿಷಯ ಅಂತಲೇ ಅನಿಸಲಿಲ್ಲ. ಆದರೆ ಅವರ ಲೆಕ್ಕವೆಲ್ಲ ಅದರ ಮೇಲಿತ್ತು. ಮೈಯಲ್ಲಿ ಡೈಕ್ಲೋ ಇರುವಾಗ ಮತ್ತೆ ಅದನ್ನೇ ಕೊಟ್ಟರೆ ಡೋಸ್ ಜಾಸ್ತಿ, ಹೊಟ್ಟೆಗೂ ಕಿಡ್ನಿಗೂ ಪೆಟ್ಟು. ಹಾಗಾಗಿ ಟ್ರಮಡಾಲ್ ಹಾಕಿದರು. ನೋವು ಅರ್ಧ ಇಳಿಯಿತು, ತಲೆ ಗಿರ್ರನೆ ತಿರುಗಿ ಬೆಳಗಿನವರೆಗೂ ಬಕೆಟ್ ತಬ್ಬಿಕೊಂಡಿದ್ದೆ. ಬೆಳಿಗ್ಗೆ ಬಂದ ಡಾಕ್ಟರು ಕೇಳಿದ್ದು ಒಂದೇ: ಮಾತ್ರೆ ಒಳಗೆ ಉಳಿದಿತ್ತಾ? ಆಮೇಲೆ 75 ಮಿಲಿಗ್ರಾಂ ಡೈಕ್ಲೋಫೆನಾಕ್ ಸೊಂಟಕ್ಕೆ ಚುಚ್ಚಿದರು. ಅರ್ಧ ಗಂಟೆಗೆ ನಾನು ಚಾ ಕೇಳಿದೆ.

ನನ್ನ ಕೇಳಿದರೆ ‘ಸ್ಟ್ರಾಂಗ್ ಯಾವುದು’ ಅನ್ನೋ ಪ್ರಶ್ನೆಯೇ ತಪ್ಪು. ಕಲ್ಲು ಅಡ್ಡ ನಿಂತು, ಮೂತ್ರ ಕಟ್ಟಿ, ಒಳಗೆ ಒತ್ತಡ ಏರಿ ಬರುವ ನೋವಿದು. ಡೈಕ್ಲೋಫೆನಾಕ್, ಅದೇ ಜಾತಿಯ ಕೆಟೊರೊಲ್ಯಾಕ್ ಆ ಒತ್ತಡವನ್ನೇ ಇಳಿಸುತ್ತವೆ. 2016ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಕತಾರ್‌ನ ಅಧ್ಯಯನ ನೋಡಿ, 1,600ಕ್ಕೂ ಜಾಸ್ತಿ ರೋಗಿಗಳು. ಅರ್ಧ ಗಂಟೆಯಲ್ಲಿ ನೋವು ಅರ್ಧಕ್ಕಾದರೂ ಇಳಿದದ್ದು ಡೈಕ್ಲೋಫೆನಾಕ್ ಇಂಜೆಕ್ಷನ್ ಪಡೆದ ನೂರಕ್ಕೆ 68 ಜನರಿಗೆ, ಮಾರ್ಫಿನ್ ಪಡೆದವರಲ್ಲಿ 61ಕ್ಕೆ. ನಾವು ಜ್ವರದ ಮಾತ್ರೆ ಅಂತ ಮೂಗು ಮುರಿಯುವ ಪ್ಯಾರಸಿಟಮಾಲ್ ರಕ್ತನಾಳಕ್ಕೆ ಕೊಟ್ಟಾಗ 66!

ಅಲ್ಸರ್, ಕ್ರಿಯಾಟಿನಿನ್ ಏರಿಕೆ (ಕಿಡ್ನಿ ಸೋತಿದೆ ಅಂತ ರಕ್ತಪರೀಕ್ಷೆ ತೋರಿಸುವುದು), ರಕ್ತ ತೆಳುವಾಗಿಸುವ ಮಾತ್ರೆ, ಬಸಿರು, ಇದರಲ್ಲಿ ಯಾವುದಿದ್ದರೂ ಡೈಕ್ಲೋ ಬೇಡ. ಅದನ್ನು ಅವರು ಕೇಳುವ ಮೊದಲೇ ಹೇಳಿ. ಎಷ್ಟು ಗಂಟೆಗೆ ಏನು ನುಂಗಿದಿರಿ, ಒಳಗೆ ಉಳಿಯಿತಾ, ಅದನ್ನೂ ಹೇಳಿ. ನೋವಿನ ಜೊತೆ ಚಳಿಜ್ವರ ಬಂದರೆ ಮಾತ್ರ ಇಂಜೆಕ್ಷನ್ ಚರ್ಚೆ ಬಿಟ್ಟು ಕೂಡಲೇ ಗಾಡಿ ಹತ್ತಿ. ಶಿರಸಿಯಲ್ಲಿ ಆಗದಿದ್ದರೆ ಹುಬ್ಬಳ್ಳಿಗೆ.